ಎಲೆ ಉದುರದ ಗಿಡ

ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಅತ್ತೆ ಮತ್ತೆ ನೀರಿನ ಕ್ಯಾನು ಹಿಡಿದು ಗಿಡದ ಮುಂದೆ ಬಗ್ಗಿದ್ದರು. ಬೆಳಗಿನಿಂದ ಇದು ಎಷ್ಟನೆಯ ಸಲವೋ. ಕ್ಯಾನಿನ ಮೂತಿಯನ್ನು ಬುಡಕ್ಕೆ ತಾಗಿಸಿ, ಹಸುಗೂಸಿಗೆ ಹಾಲು ಕುಡಿಸುವಷ್ಟು ನಿಧಾನವಾಗಿ ಸುರಿದರು. ನೀರು ಇಂಗುವುದನ್ನು ಕಾದು, ಇಂಗದೆ ನಿಂತದ್ದನ್ನು ಕಂಡು ಏನೋ ಗೊಣಗಿ, ಮತ್ತೆ ಸುರಿದರು. ಅವಳು ಕೈಯಲ್ಲಿದ್ದ ತಟ್ಟೆಯನ್ನು ಒರೆಸುತ್ತಲೇ ಇದ್ದಳು. ತಟ್ಟೆ ಎಂದೋ ಒಣಗಿತ್ತು. ಸಾಕು ಅತ್ತೆ, ಈಗ ತಾನೆ ಹಾಕಿದ್ರಲ್ಲ. ಇಷ್ಟೇ ಮಾತು. ಕಿಟಕಿ ತೆರೆದೇ ಇತ್ತು, ಕೂಗಬೇಕಾಗಿಯೂ ಇರಲಿಲ್ಲ. ಆದರೆ ನಾಲಗೆಯ ತುದಿಗೆ ಬಂದದ್ದು ಅಲ್ಲೇ ಕೂತಿತು. ಹೋದ ವಾರವೂ ಹಾಗೇ ಕೂತಿತ್ತು, ಅದರ ಹಿಂದಿನ ವಾರವೂ. ಗಿಡ ಮಾತ್ರ ಏನೂ ಆಗಿಲ್ಲವೆಂಬಂತೆ, ದುಂಡಗೆ, ದಟ್ಟವಾಗಿ, ಮೊಣಕಾಲಿಗಿಂತ ತುಸುವೇ ಎತ್ತರಕ್ಕೆ ಹಸಿರಾಗಿ ನಿಂತಿತ್ತು. ಆ ಹಸಿರು ಅವಳಿಗೆ ಈಚೆಗೆ ಭಯ ಹುಟ್ಟಿಸುತ್ತಿತ್ತು.

ಕೆಲಸದಿಂದ ಬರುವ ದಾರಿಯಲ್ಲೊಂದು ಸಂಜೆ ಅವಳು ನರ್ಸರಿಗೆ ಹೋಗಿ, ಗಿಡದಿಂದ ಮುರಿದುಕೊಂಡ ಪುಟ್ಟ ಟೊಂಗೆಯನ್ನು ಕರವಸ್ತ್ರದಿಂದ ಬಿಚ್ಚಿ ತೋರಿಸಿದ್ದಳು. ಅದರ ಒಂದು ತುದಿ ಮಾತ್ರ ಚಹಾದ ಕಲೆಯ ಹಾಗೆ ಕಂದಾಗಿತ್ತು. ನರ್ಸರಿಯ ಹೆಂಗಸು ಮೂಸಿ ನೋಡಿ, 'ನೀರು ಜಾಸ್ತಿಯಾಗಿದೆ. ಈ ಕುಳ್ಳ ಪೈನು ಬಾಯಾರಿಕೆ ತಡ್ಕೊಳ್ಳುತ್ತೆ, ಕಾಲು ಸದಾ ಒದ್ದೆಯಾಗಿದ್ರೆ ತಡ್ಕೊಳ್ಳಲ್ಲ. ಮಣ್ಣು ಬೆರಳಿಗೆ ಒಣಗಿ ಸಿಗೋ ತನಕ ತೊಟ್ಟು ನೀರೂ ಬೇಡ,' ಎಂದಿದ್ದಳು. 'ಮಿಕ್ಕಿದ್ದೆಲ್ಲ ಹಸಿರಾಗೇ ಇದೆಯಲ್ಲ?' ಎಂದು ಇವಳು ಕೇಳಿದಾಗ ಆಕೆ ನಕ್ಕಳು. 'ಹಸಿರು ನೋಡಿ ಮೋಸ ಹೋಗ್ಬೇಡಿ. ಬೇರು ಸತ್ತು ಎಷ್ಟೋ ವಾರ ಆದ್ಮೇಲೂ ಇದು ಹೀಗೇ ನಿಂತಿರುತ್ತೆ. ಸುದ್ದಿ ಮೇಲಕ್ಕೆ ಮುಟ್ಟೋದು ಲೇಟು.' ಇವಳು ಟೊಂಗೆಯನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ಅತ್ತೆಗೆ ಹೇಳಲಿಲ್ಲ. ಅಂದು ಸುಸ್ತಾಗಿತ್ತು. ಮರುದಿನ ಹೇಳಿದರಾಯಿತೆಂದುಕೊಂಡಳು. ಮರುದಿನ ಅತ್ತೆ ಕ್ಯಾನು ಹಿಡಿದು ಎಷ್ಟು ಶಾಂತವಾಗಿ ಕೂತಿದ್ದರೆಂದರೆ, ಅವರ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ಮಗುವಿನ ಬಾಯಿಂದ ತುತ್ತು ಕಿತ್ತಂತಾಗುತ್ತದೆ ಅನ್ನಿಸಿತು. ಕ್ಯಾನು ಕೈಯಲ್ಲಿದ್ದಷ್ಟು ಹೊತ್ತು ಅವರು ಗೇಟಿನತ್ತ ಹೋಗುವುದಿಲ್ಲ, ಒಲೆ ಹಚ್ಚುವುದಿಲ್ಲ. ಹೀಗೆಂದು ತನಗೆ ತಾನೇ ಒಪ್ಪಿಸಿಕೊಂಡದ್ದು ನಿಜ. ಆದರೆ ಅದು ಪೂರ್ತಿ ನಿಜವಲ್ಲವೆಂದೂ ಅವಳಿಗೆ ಗೊತ್ತಿತ್ತು.

ಗಿಡ ತಂದವನು ಅವಳ ಗಂಡ. ಆಗ ಅಂಗಳದಲ್ಲಿದ್ದ ಮರ ವರ್ಷವಿಡೀ ಎಲೆ ಉದುರಿಸುತ್ತಿತ್ತು. ಅತ್ತೆ ವರ್ಷವಿಡೀ ಗುಡಿಸುತ್ತ ಅದರ ವಂಶವನ್ನೆಲ್ಲ ಬೈಯುತ್ತಿದ್ದರು. ಆ ಮರ ಗಾಳಿಗೆ ಬಿದ್ದ ಮೇಲೆ ಅವನೊಂದು ಮಧ್ಯಾಹ್ನ ಈ ಗಿಡವನ್ನು ಎದೆಗೊತ್ತಿಕೊಂಡು ಬಂದ. 'ಅಮ್ಮಾ, ಎಲೆ ಉದುರದ ಗಿಡ ತಂದಿದೀನಿ. ಇವತ್ತಿಂದ ನಿನ್ನ ಪೊರಕೆ ರಿಟೈರ್.' ಅತ್ತೆ ಸುತ್ತ ಬಂದು ನೋಡಿ, 'ಇಷ್ಟೇನಾ? ಇನ್ನು ಬೆಳೆಯಲ್ವಾ?' ಎಂದರು. 'ಇಲ್ಲ, ಇದು ಹೀಗೇ.' 'ಮನುಷ್ಯ ಹೀಗೆ ನಿಂತುಹೋದ್ರೆ ಡಾಕ್ಟರ ಹತ್ರ ಓಡ್ತಾರೆ. ಇದಕ್ಕೆ ಮನೆತನಕ ಮೆರವಣಿಗೆ.' ಅಂದಿನಿಂದ ಅದು ಕುಳ್ಳಪ್ಪ. ರಜೆಯ ದಿನ ಅವನು ಕುಕ್ಕುರುಗಾಲಲ್ಲಿ ಕೂತು, ಟೊಂಗೆಗಳ ಒಳಗೆ ಬೆರಳಾಡಿಸಿ, ನೆರಳಲ್ಲಿ ತಾನಾಗಿ ಒಣಗಿದ ಸೂಜಿಯೆಲೆಗಳನ್ನು ಉದುರಿಸಿ ತೆಗೆಯುತ್ತಿದ್ದ. ಎಲೆ ಉದುರದ ಗಿಡವೂ ಗುಟ್ಟಾಗಿ ಒಳಗೊಳಗೇ ಉದುರಿಸುತ್ತದೆಂದು ಅವಳಿಗೆ ತಿಳಿದದ್ದು ಆಗ. ಒಮ್ಮೊಮ್ಮೆ ಗಿಡದ ನೆತ್ತಿಯಿಂದ ಬೇರೆಯೇ ಒಂದು ಕುಡಿ ಹೊರಟು, ನೆಟ್ಟಗೆ, ಒರಟಾಗಿ, ವಾರದೊಳಗೆ ಗೇಣುದ್ದ ಬೆಳೆಯುತ್ತಿತ್ತು. 'ಇದಕ್ಕೆ ತನ್ನ ಜಾತಿಯವರೆಲ್ಲ ಆಕಾಶ ಮುಟ್ಟೋರು ಅನ್ನೋದು ನೆನಪಾಗಿದೆ. ಬಿಟ್ರೆ ಕುಳ್ಳಪ್ಪನ್ನ ನುಂಗಿಬಿಡುತ್ತೆ,' ಎಂದು ಅವನು ಅವಳ ಉಗುರಿನ ಕತ್ತರಿಯಿಂದಲೇ ಅದನ್ನು ಬುಡದಲ್ಲಿ ಕತ್ತರಿಸುತ್ತಿದ್ದ. ಲಿಫ್ಟುಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ದೊಡ್ಡ ಕಟ್ಟಡವೊಂದರಲ್ಲಿ ಊಟಕ್ಕೆಂದು ಕೂತವನು ಎದೆ ಹಿಡಿದುಕೊಂಡು ಗೋಡೆಗೊರಗಿದ, ಅಷ್ಟೇ. ಆಮೇಲೆ ಅತ್ತೆ ಮಗನ ಬಟ್ಟೆಗಳನ್ನೆಲ್ಲ ತಾವೇ ಮಡಿಸಿ ಯಾರಿಗೋ ಕೊಟ್ಟರು, ಒಂದು ಹನಿ ಕಣ್ಣೀರಿಲ್ಲದೆ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೇಟ್ರನ್ ಆಗಿ ಮುನ್ನೂರು ಹುಡುಗಿಯರನ್ನು ನಡುಗಿಸಿದ ಹೆಂಗಸು ಅವರು. ಗಿಡದ ಹತ್ತಿರ ಮಾತ್ರ ಬೇರೆ ಯಾರೂ ಸುಳಿಯುವಂತಿರಲಿಲ್ಲ. ಮತ್ತೆ ಯಾವಾಗಲೋ ಮರೆವು ಬಂತು. ಮೊದಲು ಕನ್ನಡಕ, ಆಮೇಲೆ ಒಲೆ, ಆಮೇಲೆ ಪಕ್ಕದ ಮನೆಯವರ ಮುಖ. ನೀರು ಹಾಕಬೇಕೆಂಬುದು ಮರೆಯಲಿಲ್ಲ. ಹಾಕಿದ್ದು ಮರೆಯತೊಡಗಿತು.

ಪೂರ್ತಿ ನಿಜ ಯಾವುದೆಂದರೆ, ಒಂದು ಬೆಳಿಗ್ಗೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅವಳ ಮನಸ್ಸಿನ ಕಣ್ಣಿಗೆ ಅಂಗಳದಲ್ಲಿ ಆ ಗಿಡ ಇಲ್ಲದಂತೆ ಕಂಡಿತ್ತು. ಬರಿಯ ಮಣ್ಣು, ಮೇಲೆ ಬಿಸಿಲು. ಆಗ ಎದೆಯಲ್ಲಿ, ದಿನವಿಡೀ ಬಿಗಿದಿದ್ದ ಬೂಟನ್ನು ಕಳಚಿದಂಥ ಸುಖವಾಯಿತು. ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ. ಅಂದಿನಿಂದ ಅತ್ತೆ ನೀರು ಹಾಕುವಾಗ ಅವಳು ಕಿಟಕಿಯ ಬಳಿ ನಿಲ್ಲುತ್ತಿದ್ದಳು, ತಟ್ಟೆ ಒರೆಸುತ್ತ.

ಅವಳ ಕೆಲಸ ಕಟ್ಟುಹಲ್ಲು ಮಾಡುವುದು. ಊರಿನ ಡಾಕ್ಟರುಗಳಿಂದ ಬಾಯಿಯ ಅಚ್ಚುಗಳು ಬರುತ್ತವೆ. ಅವಳು ಗುಲಾಬಿ ಮೇಣದಲ್ಲಿ ಒಸಡು ಕೆತ್ತಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸುತ್ತಾಳೆ. ಪಕ್ಕದ ಮೇಜಿನಲ್ಲಿ ಲೋಹ ಕರಗಿಸಿ, ಸವೆದ ಹಲ್ಲಿನ ಮೇಲೆ ಕೂರಿಸುವ ಟೋಪಿ ಎರಕ ಹೊಯ್ಯುವವರು ಒಬ್ಬರಿದ್ದಾರೆ, ಅವಳಿಗಿಂತ ಹತ್ತಾರು ವರ್ಷ ದೊಡ್ಡವರು. ಹೆಚ್ಚು ಮಾತಿಲ್ಲ. ಹಾಸಿಗೆ ಹಿಡಿದ ಹೆಂಡತಿಯನ್ನು ವರ್ಷಗಟ್ಟಲೆ ತೊಳೆದು, ಉಣಿಸಿ, ಕಳಿಸಿಕೊಟ್ಟವರೆಂದು ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತು. ಕೆಲವು ದಿನಗಳ ಹಿಂದೆ ಇಬ್ಬರೂ ನಲ್ಲಿಯ ಕೆಳಗೆ ಪ್ಲಾಸ್ಟರಿನ ಬಟ್ಟಲು ತೊಳೆಯುತ್ತಿದ್ದಾಗ ಅವರು ತಲೆಯೆತ್ತದೆ, 'ನಿಮಗೂ ಯಾರೂ ಇಲ್ಲ, ನನಗೂ ಯಾರೂ ಇಲ್ಲ. ನಾವಿಬ್ರೂ ಯಾಕೆ ಮದುವೆ ಆಗಬಾರದು ಅಂತ ಯೋಚನೆ ಮಾಡ್ತಿದ್ದೆ,' ಎಂದರು. 'ನನಗೆ ಅತ್ತೆ ಇದಾರಲ್ಲ,' ಎಂದಳು. 'ಹೌದು, ಹೌದು. ಅವರಿಗೊಂದು ವ್ಯವಸ್ಥೆ ಮಾಡೋಣ.' ಕೆಟ್ಟ ಮಾತೇನಲ್ಲ. ಆದರೂ ವ್ಯವಸ್ಥೆ ಎನ್ನುವ ಆ ಶಬ್ದ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ ಅವಳ ಜೊತೆಗೇ ಉಳಿಯಿತು. ಒಂದು ಸಲ ಮನೆಗೆ ಬಂದು ಅತ್ತೆಯನ್ನು ನೋಡಿ ಎಂದು ಕರೆದಿದ್ದಳು. ಇಂದು ಅವರು ಊಟಕ್ಕೆ ಬರುವವರಿದ್ದರು. ಲ್ಯಾಬಿನವರೊಬ್ಬರು ಬರ್ತಾರೆ ಎಂದಷ್ಟೇ ಅತ್ತೆಗೆ ಹೇಳಿದ್ದಳು.

ಕಿತ್ತಳೆಹಣ್ಣಿನ ಚೀಲ ಹಿಡಿದು, ಹೊಳೆಯುವ ಬೂಟು ಹಾಕಿಕೊಂಡು ಬಂದವರನ್ನು ಅತ್ತೆ ಬಾಗಿಲಲ್ಲೇ ತಡೆದರು. 'ಯಾರನ್ನ ನೋಡ್ಬೇಕು? ಗಂಡಸರು ಒಳಗೆ ಬರೋ ಹಾಗಿದ್ರೆ ಸಹಿ ಹಾಕ್ಬೇಕು.' ಬಂದವರು ಗಂಭೀರವಾಗಿ, 'ಎಲ್ಲಿ ಹಾಕ್ಲಿ ಅಮ್ಮ?' ಎಂದು ಜೇಬಿನಿಂದ ಪೆನ್ನು ತೆಗೆದರು. ಅತ್ತೆ ಒಂದು ಗಳಿಗೆ ಪೆನ್ನನ್ನೇ ನೋಡಿ, ತಮ್ಮ ಮರೆವು ತಮಗೇ ಹೊಳೆದವರಂತೆ ಗಟ್ಟಿಯಾಗಿ ನಕ್ಕುಬಿಟ್ಟರು. 'ಪರವಾಗಿಲ್ಲ, ಬಾ. ಮುಖ ನೋಡಿದ್ರೆ ಕಳ್ಳ ಅಲ್ಲ ಅನ್ಸುತ್ತೆ.' ಊಟ ಚೆನ್ನಾಗಿಯೇ ಆಯಿತು. ಮುಗಿದ ಮೇಲೆ ಅವರು ಎದ್ದು ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟರು. ತೋಳು ಮಡಿಸಿಕೊಂಡು ನಲ್ಲಿಯ ಮುಂದೆ ನಿಂತ ಆ ಗಂಡಸಿನ ಬೆನ್ನನ್ನು ನೋಡುತ್ತ ಅವಳಿಗೆ ತನ್ನ ಮನೆಯೇ ಬೇರೆ ಯಾರದೋ ಮನೆಯಂತೆ ಕಂಡಿತು. ಅದು ಹಿತವಾಗಿಯೂ ಇತ್ತು. ಹಿತವಾದದ್ದಕ್ಕೆ ನಾಚಿಕೆಯೂ ಆಯಿತು. ಅತ್ತೆಯೂ ಆ ಬೆನ್ನನ್ನೇ ನೋಡುತ್ತಿದ್ದರು.

'ಬಾ, ನಮ್ಮ ಕುಳ್ಳಪ್ಪನ್ನ ತೋರಿಸ್ತೀನಿ,' ಎಂದು ಅತ್ತೆ ಅವರನ್ನು ಅಂಗಳಕ್ಕೆ ಎಳೆದುಕೊಂಡೇ ಹೋದರು, ದಾರಿಯಲ್ಲಿ ನೀರಿನ ಕ್ಯಾನನ್ನೂ ಎತ್ತಿಕೊಂಡು. ಹಿಂದೆ ಹೋಗಬಾರದೆಂದುಕೊಳ್ಳುತ್ತಲೇ ಅವಳೂ ಹೋದಳು. 'ನನ್ನ ಮಗ ನೆಟ್ಟಿದ್ದು. ಬಿಸಿಲಿರ್ಲಿ, ಚಳಿಯಿರ್ಲಿ, ಒಂದೇ ಒಂದು ಎಲೆ ಉದುರಿಸಲ್ಲ. ಮುಟ್ಟಿ ನೋಡು.' ಬಂದವರು ಅವಳತ್ತ ನೋಡಿದರು. ಬೇಡ ಎಂದು ಅವಳು ಕಣ್ಣಲ್ಲಾದರೂ ಹೇಳಬಹುದಿತ್ತು. 'ಮುಟ್ಟೋ ಮಾರಾಯ, ಕಚ್ಚಲ್ಲ!' ಅವರು ನಾಯಿಮರಿಯ ತಲೆ ಸವರುವಂತೆ ಗಿಡದ ನೆತ್ತಿಯ ಮೇಲೆ ಕೈಯಾಡಿಸಿದರು. ಸರಸರವೆಂದು ಸಣ್ಣ ಸದ್ದಾಯಿತು. ಕೈಯ ಕೆಳಗಿನ ಸೂಜಿಯೆಲೆಗಳೆಲ್ಲ, ಹಸಿರು ಹಸಿರಾಗಿದ್ದಂತೆಯೇ, ಟೊಂಗೆ ಬಿಟ್ಟು ಉದುರಿದವು. ಕೈ ಹೋದಷ್ಟು ಜಾಗದಲ್ಲಿ ಬೋಳು ಕಡ್ಡಿಗಳು ಎದ್ದು ನಿಂತವು. ಅವರು ಬೆಚ್ಚಿ, ಅಂಗೈಯಲ್ಲಿ ಉಳಿದ ಎಲೆಗಳನ್ನು ಮುಷ್ಟಿ ಕಟ್ಟಿ ಬೆನ್ನ ಹಿಂದೆ ಒಯ್ದರು. ಅಷ್ಟು ವಯಸ್ಸಾದ ಮನುಷ್ಯ ಹುಡುಗನ ಹಾಗೆ.

'ಏನದು ಕೈಯಲ್ಲಿ? ತೋರಿಸು.' ಇದು ಮೇಟ್ರನ್ ದನಿ. ಅವರು ಮುಷ್ಟಿ ಬಿಚ್ಚಿದರು. ಅತ್ತೆ ಎಲೆಗಳನ್ನು ನೋಡಿದರು, ಗಿಡವನ್ನು ನೋಡಿದರು, ನಿಧಾನವಾಗಿ ತಿರುಗಿ ಅವಳನ್ನು ನೋಡಿದರು. 'ಯಾರೇ ಹೀಗೆ ಮಾಡಿದ್ದು?' ಸಾಲಾಗಿ ನಿಲ್ಲಿಸಿದ ಹುಡುಗಿಯರಲ್ಲಿ ಒಬ್ಬಳನ್ನು ಕೇಳಿದ ಹಾಗೆ. ಅವಳ ಗಂಟಲಿನಿಂದ ಹೊರಟ ದನಿ ಅವಳದೆಂದು ಅವಳಿಗೇ ಅನ್ನಿಸಲಿಲ್ಲ. 'ಇನ್ಯಾರು? ನೀವೇ. ಬೆಳಗಿಂದ ಸಂಜೆ ತನಕ ಸುರೀತಾನೇ ಇರ್ತೀರಲ್ಲ, ಹಾಕಿದ್ದು ಮರೆಯೋದು, ಮತ್ತೆ ಹಾಕೋದು. ಬೇರು ಕೊಳೆತುಹೋಗಿದೆ. ನೀವೇ ಸಾಯಿಸಿದ್ದು ಅತ್ತೆ.'

ಅತ್ತೆ ಕೈಯಲ್ಲಿದ್ದ ಕ್ಯಾನನ್ನು ನೋಡಿಕೊಂಡರು. ಅದನ್ನು ಮೆಲ್ಲಗೆ ತಮ್ಮ ಕಾಲಿನ ಹಿಂದೆ, ಯಾರಿಗೂ ಕಾಣದ ಹಾಗೆ ಇಟ್ಟರು. ಆಮೇಲೆ ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಗೇಟಿನ ಬಳಿ ಅವರು, 'ನಾನು ಮುಟ್ಟಬಾರದಿತ್ತು,' ಎಂದರು. 'ನೀವಲ್ದಿದ್ರೆ ಗಾಳಿ ಮುಟ್ತಿತ್ತು,' ಎಂದಳು. ಅವರ ಕೋಟಿನ ತೋಳಿಗೆ ಎಲೆಯೊಂದು ಅಂಟಿತ್ತು. ತೆಗೆಯಲೆಂದು ಕೈಯೆತ್ತಿದವಳು ಸುಮ್ಮನಾದಳು. ಅವರು, 'ನಾನೂ ಕೊನೆಕೊನೆಗೆ ಹೆಂಡತಿ ಮೇಲೆ ರೇಗ್ತಿದ್ದೆ. ಯಾರಾದ್ರೂ ಮನೆಗೆ ಬಂದಾಗ. ಇಬ್ಬರೇ ಇದ್ದಾಗ ರೇಗ್ತಿರಲಿಲ್ಲ,' ಎಂದರು. ಸಮಾಧಾನಕ್ಕೆಂದೇ ಆಡಿದ ಮಾತು. ಅವಳಿಗೆ ಮಾತ್ರ ಬಟ್ಟೆ ಬಿಚ್ಚಿ ನಿಲ್ಲಿಸಿದಂತಾಯಿತು. ನೋಡಿ, ನಾನೆಷ್ಟು ಸಹಿಸಿಕೊಂಡಿದೀನಿ ಅಂತ ಇವರಿಗೆ ತೋರಿಸಬೇಕಿತ್ತೇ ತನಗೆ? ಇವರ ಮುಂದೆ ಗಿಡ ಸತ್ತ ತಪ್ಪು ತನ್ನ ತಲೆಗೆ ಬರಬಾರದೆಂದು ಆ ಮುದಿ ತಲೆಗೆ ಕಟ್ಟಿದೆನೇ? 'ಇವತ್ತು ಅವರಿಗೆ ಹೇಳ್ತೀರಾ, ನಮ್ಮ ವಿಷಯ?' ಎಂದು ಅವರು ಕೇಳಿದರು. 'ನೋಡ್ತೀನಿ,' ಎಂದಳು.

ಒಳಗೆ ಬಂದರೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವಳು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದಳು. ಊಟಕ್ಕೆ ಬಂದವರು ತೊಳೆದಿಟ್ಟಿದ್ದ ತಟ್ಟೆಯನ್ನೂ ಇನ್ನೊಮ್ಮೆ ತೊಳೆದಳು. ಮಧ್ಯಾಹ್ನ ಜಾರಿ ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಹಿಂದೆ ಹೆಜ್ಜೆಯ ಸದ್ದಾಯಿತು. ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ನಿದ್ದೆಯಿಂದ ಊದಿಕೊಂಡಿತ್ತು. ಬೈಯುತ್ತಾರೆಂದು ಅವಳು ಕಾದಳು. ಬೈಯಲಿ ಎಂದೂ ಆಸೆಪಟ್ಟಳು.

'ಏನೇ, ನಾನು ಇವತ್ತು ಏನೋ ತಪ್ಪು ಮಾಡಿದೀನಿ ಅಲ್ವಾ?' ಎಂದರು ಅತ್ತೆ, ಇಷ್ಟು ಸಣ್ಣ ದನಿಯಲ್ಲಿ. 'ಏನೂಂತ ನೆನಪಿಗೆ ಬರ್ತಿಲ್ಲ. ಎದೇಲಿ ಮಾತ್ರ ಹಾಗೇ ಕೂತಿದೆ. ನೀನಾದ್ರೂ ಹೇಳು, ಏನು ಮಾಡ್ದೆ ನಾನು?'

ನೆನಪು ಹೋಗಿತ್ತು, ಅವಮಾನ ಹೋಗಿರಲಿಲ್ಲ. ಇಲ್ಲ ಅತ್ತೆ, ಏನೂ ಮಾಡಿಲ್ಲ ಎಂದುಬಿಟ್ಟರೆ ಸಾಕಿತ್ತು. ಆದರೆ ಏನೂ ಇಲ್ಲವೆಂದರೆ ಎದೆಯೊಳಗಿನ ಆ ಭಾರವನ್ನು ಅವರು ಎಲ್ಲಿ ಇಳಿಸಬೇಕು? ಅವಳು ಕೈ ಒರೆಸಿಕೊಂಡು ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ತಾನು ನೆಲದ ಮೇಲೆ ಕೂತಳು. 'ನೀವಲ್ಲ ಅತ್ತೆ, ನಾನು ಮಾಡಿದ್ದು. ನಿಮ್ಮ ಕುಳ್ಳಪ್ಪ ಸತ್ತುಹೋಗಿದೆ. ನೀರು ಹೆಚ್ಚಾಗಿ. ನೀವು ಮರೆತು ಮರೆತು ಹಾಕ್ತಿದ್ರಿ. ಹಾಕಬಾರದು ಅಂತ ನರ್ಸರಿಯವಳು ನನಗೆ ಹೇಳಿದ್ಲು. ನಾನು ನಿಮಗೆ ಹೇಳಲಿಲ್ಲ. ಕಿಟಕೀಲಿ ನೋಡ್ತಾ ನಿಂತಿದ್ದೆ.'

'ಯಾಕೆ?'

'ಗೊತ್ತಿಲ್ಲ. ಅದು ಹೋದ್ರೆ ಹೋಗ್ಲಿ ಅನ್ನಿಸ್ತಿತ್ತು.'

ಅತ್ತೆ ಬಹಳ ಹೊತ್ತು ಅವಳ ಬೈತಲೆಯನ್ನೇ ನೋಡುತ್ತ ಕೂತಿದ್ದರು. ಕೇಳಿಸಿತೋ ಇಲ್ಲವೋ. ಆಮೇಲೆ ಮಂಡಿಗೆ ಕೈಯೂರಿ ಎದ್ದರು. 'ಸತ್ತಿದ್ದನ್ನ ಅಂಗಳದಲ್ಲಿ ಎಷ್ಟು ಹೊತ್ತು ಇಟ್ಕೊಂಡಿರ್ತೀಯಾ? ಸನಿಕೆ ತಗೊಂಡು ಬಾ.'

ಸುತ್ತ ಅಗೆದಳು. ಮಣ್ಣು ಹಸಿ ಹಿಟ್ಟಿನಂತೆ ಸನಿಕೆಗೆ ಮೆತ್ತಿಕೊಂಡಿತು. ಮೋರಿಯಂಥ ವಾಸನೆ ಎದ್ದಿತು. ಪ್ರತಿ ಏಟಿಗೂ ಎಲೆಗಳು ಉದುರಿ ಅವಳ ತಲೆಗೂದಲಲ್ಲಿ, ಕುತ್ತಿಗೆಯೊಳಗೆ ಸೇರಿದವು. ಅತ್ತೆ ಸೊಂಟದ ಮೇಲೆ ಕೈಯಿಟ್ಟು, 'ಆ ಕಡೆಯಿಂದ ಮೀಟು. ತಿಂದಿಲ್ವಾ? ಬುಡ ಹಿಡಿದು ಎಳಿ,' ಎಂದು ಆಜ್ಞೆ ಮಾಡುತ್ತಿದ್ದರು. ಅವಳು ಎರಡು ಕೈಯಲ್ಲೂ ಬುಡ ಹಿಡಿದು ಜಗ್ಗಿದಳು. ಗಟ್ಟಿಯಾಗಿ ಕಚ್ಚಿಕೊಂಡಿದೆಯೆಂದು ತಿಳಿದಿದ್ದ ಗಿಡ ಒಮ್ಮೆಗೇ ಕಿತ್ತು ಬಂದು ಅವಳು ಹಿಂದಕ್ಕೆ ಕುಕ್ಕರಿಸಿದಳು. ಗಿಡ ಮಡಿಲಿಗೆ ಬಿತ್ತು. ಬೇರಿರಬೇಕಾದ ಕಡೆ ಏನೋ ನುಣ್ಣಗೆ, ಕಪ್ಪಗೆ, ದುಂಡಗೆ ಹೊಳೆಯಿತು. ಮಣ್ಣು ಒರೆಸಿ ನೋಡಿದಳು. ಪ್ಲಾಸ್ಟಿಕ್ ಕುಂಡ. ಅಂಗಡಿಯಿಂದ ತಂದಾಗ ಗಿಡ ಯಾವ ಕುಂಡದಲ್ಲಿತ್ತೋ ಅದೇ ಕುಂಡ. ಒಳಗೆ ಬೇರುಗಳು ಒಂದರ ಮೇಲೊಂದು ಸುತ್ತಿ ಸುತ್ತಿ, ಹಗ್ಗದ ಸಿಂಬಿಯಂತಾಗಿ ಕೊಳೆತಿದ್ದವು. ತಳದ ತೂತಿನಿಂದ ಹೊರಗೆ ಬರಲು ನೋಡಿದ್ದ ಒಂದೆರಡು ಬೇರುಗಳು ತೂತನ್ನೇ ಮುಚ್ಚಿಬಿಟ್ಟಿದ್ದವು.

ಅತ್ತೆ ಬಗ್ಗಿ, ಬೆರಳ ಗಿಣ್ಣಿನಿಂದ ಕುಂಡವನ್ನು ತಟ್ಟಿದರು. ಟಕ್ ಟಕ್ ಎಂದಿತು. 'ಕುಂಡ,' ಎಂದರು. ಇನ್ನೊಮ್ಮೆ ತಟ್ಟಿದರು. 'ಕುಂಡ ಸಮೇತ ಹೂತಿದಾನೆ! ಅಯ್ಯೋ ಮೈಗಳ್ಳ! ಒಂದು ಕುಂಡ ಕಳಚೋಕೂ ಬೇಜಾರಾ ನಿಂಗೆ?' ಎಂದು ಮಗನನ್ನೇ ಎದುರಿಗೆ ನಿಲ್ಲಿಸಿಕೊಂಡು ಕೇಳಿದವರಂತೆ ಗದರಿಸಿ, ಹಣೆ ಚಚ್ಚಿಕೊಂಡು ನಗತೊಡಗಿದರು. ಅವಳಿಗೂ ನಗು ಬಂತು. ಗುಂಡಿಯ ಪಕ್ಕದಲ್ಲಿ, ಕೆಸರಿನಲ್ಲಿ ಕೂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿಡ ನೆಟ್ಟ ದಿನ ಅವನು ಕಣ್ಣುಮುಚ್ಚಿ ತೆರೆಯುವುದರೊಳಗೆ ಕೈ ಕೊಡವಿಕೊಂಡು 'ಆಯ್ತು ನೋಡಿ' ಎಂದದ್ದು, ಅತ್ತೆ ಅವನ ಚುರುಕನ್ನು ಮೆಚ್ಚಿ ಬೆನ್ನು ತಟ್ಟಿದ್ದು, ಅವನು ಒಂದು ಕಳ್ಳನಗೆ ನಕ್ಕು ಒಳಗೆ ಹೋಗಿ ಮಲಗಿದ್ದು ಅವಳಿಗೆ ನೆನಪಾಯಿತು. ಸತ್ತ ಮೇಲೆ ಅವನು ಅವಳ ನೆನಪಿನಲ್ಲಿ ಎಷ್ಟು ಒಳ್ಳೆಯವನಾಗಿಬಿಟ್ಟಿದ್ದನೆಂದರೆ ಅವನ ಮುಖವೇ ಮಸುಕಾಗಿತ್ತು. ಈಗ ಹಾಸಿಗೆಯ ಮೇಲೆ ಒದ್ದೆ ಟವೆಲ್ ಎಸೆಯುವ, ನಲ್ಲಿ ಪೂರ್ತಿ ತಿರುಗಿಸದ, ನಾಳೆ ಮಾಡ್ತೀನಿ ಬಿಡೇ ಎನ್ನುವ ಅವನೇ ಎದ್ದು ಬಂದಿದ್ದ. ನಗುತ್ತ ನಗುತ್ತ ಅವಳಿಗೆ ಉಸಿರು ಕಟ್ಟಿ, ಅದು ಅಳುವಾಯಿತು. ಅಷ್ಟು ವರ್ಷ ಕುಂಡದೊಳಗೇ ಸುತ್ತಿಕೊಂಡು, ಹಸಿರಾಗಿ ಬದುಕಿತ್ತಲ್ಲ ಅದು. ಸಾಯಿಸಿದ್ದು ಕುಂಡ, ನೀವೂ ಅಲ್ಲ, ನಾನೂ ಅಲ್ಲ ಅತ್ತೆ ಎಂದು ಹೇಳಬಹುದಿತ್ತು ಅವಳು. ಹೇಳಲಿಲ್ಲ. ಕಿಟಕಿಯ ಹಿಂದೆ ನಿಂತವಳಿಗೆ ಕುಂಡದ ವಿಷಯ ಗೊತ್ತಿರಲಿಲ್ಲ, ನೀರು ಗಿಡವನ್ನು ಕೊಲ್ಲುತ್ತದೆಂದಷ್ಟೇ ಗೊತ್ತಿತ್ತು.

ಅತ್ತೆ ಶಾಲಿನ ತುದಿಯಿಂದ ಅವಳ ಮುಖದ ಕೆಸರು ಒರೆಸಿದರು. 'ಆ ಹಲ್ಲಿನವನು ಯಾಕೆ ಬಂದಿದ್ದ?'

'ನನ್ನ ಮದುವೆ ಆಗ್ತೀನಿ ಅಂತಿದಾರೆ ಅತ್ತೆ.'

ಅಂಗಳದಲ್ಲಿ ಬೆಳಕು ಇಳಿಯುತ್ತಿತ್ತು. ಅತ್ತೆ ಕೊನೆಗೆ, 'ತಟ್ಟೆ ತಾನೇ ತೊಳೆದ,' ಎಂದರು.

'ಹೂಂ.'

'ನನ್ನ ಮಗ ಒಂದು ದಿನ ತೊಳೆದಿದ್ನಾ?'

'ಇಲ್ಲ.'

'ಮಾಡ್ಕೋ ಹಾಗಾದ್ರೆ.' ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವಳ ಮಣಿಕಟ್ಟನ್ನು ಒತ್ತಿ ಹಿಡಿದರು. 'ತಡಿ, ಕೇಳು. ನನ್ನ ತಲೆ ಈಗ ಸರಿಯಾಗಿದೆ. ನಾಳೆ ಹೇಗಿರುತ್ತೋ. ಹೀಗಂದೆ ಅನ್ನೋದೇ ನಂಗೆ ಮರೆತುಹೋಗ್ಬಹುದು, ಬಾಯಿಗೆ ಬಂದ ಹಾಗೆ ಬೈಬಹುದು. ನಾಳೆಯವಳ ಮಾತು ಕಿವಿಗೆ ಹಾಕ್ಕೋಬೇಡ. ಇವತ್ತಿನವಳ ಮಾತು ಕೇಳು.'

'ನೀವೂ ನಮ್ಮ ಜೊತೆಗೇ ಬರ್ತೀರಿ ಅತ್ತೆ.'

'ಅದನ್ನ ಅವನನ್ನ ಕೇಳಿ ಹೇಳು. ಮನೆ ಅವನದು.'

ಮರುದಿನ ಅವಳು ಎಚ್ಚರಗೊಂಡದ್ದೇ ಕೂಗಿಗೆ. ಅತ್ತೆ ಗುಂಡಿಯ ಅಂಚಿನಲ್ಲಿ ನಿಂತಿದ್ದರು, ಕೈಯಲ್ಲಿ ತುಂಬಿದ ಕ್ಯಾನು. 'ಯಾರೇ ನನ್ನ ಮಗನ ಗಿಡ ಕಿತ್ತಿದ್ದು?' 'ನಾನೇ ಅತ್ತೆ.' 'ಗೊತ್ತು! ಕಂಡಕಂಡವರನ್ನ ಮನೆಗೆ ಕರ್ಕೊಂಡು ಬಂದು ಮಣೆ ಹಾಕೋಕೆ ನನ್ನ ಮಗನ ಗುರುತು ಅಡ್ಡ ಬಂತು ಅಲ್ವಾ? ಅವನದೊಂದು ಎಲೆಯೂ ಈ ಮನೇಲಿ ಇರಬಾರದು ಅಲ್ವಾ? ಮನೆಹಾಳಿ!' ಪಕ್ಕದ ಮನೆಯ ಕಿಟಕಿಯೊಂದು ತೆರೆದುಕೊಂಡಿತು. ಅತ್ತೆಯ ಬಾಯಲ್ಲಿದ್ದ ಹಲ್ಲುಗಳು ಅವಳೇ ಕೂರಿಸಿದವು. ಒಂದು ಅಕ್ಷರವೂ ತೊದಲದಂತೆ ಅಷ್ಟು ಚೆನ್ನಾಗಿ ಕೂರಿಸಿದ್ದಳು. ಇದು ನಾಳೆಯವಳ ಮಾತು, ಕಿವಿಗೆ ಹಾಕಿಕೊಳ್ಳಬಾರದು. ಆದರೆ ಮಾತು ಸುಳ್ಳಾಗಿದ್ದರಲ್ಲವೇ ಕಿವಿಯಿಂದ ಹೊರಗಿಡುವುದು? ಅವಳು ನಿಂತು ಪೂರ್ತಿ ಕೇಳಿಸಿಕೊಂಡಳು. ಕೊನೆಗೆ ಅತ್ತೆಯ ಕೈ ಸೋತು ಕ್ಯಾನಿನ ನೀರು ಗುಂಡಿಗೆ ಚೆಲ್ಲಿಹೋಯಿತು. ಅವಳು ಅವರನ್ನು ಒಳಗೆ ಕರೆತಂದು, ಚಹಾ ಕೊಟ್ಟು, ಹಗಲು ನೋಡಿಕೊಳ್ಳಲು ಬರುವ ಹೆಂಗಸಿಗೆ ಒಪ್ಪಿಸಿ ಕೆಲಸಕ್ಕೆ ಹೋದಳು.

ಲ್ಯಾಬಿನಲ್ಲಿ ಅವರು ಉರಿ ಹೊತ್ತಿಸಿಕೊಂಡು ಕೂತಿದ್ದರು. 'ಹೇಳಿದ್ರಾ?' 'ಹೇಳಿದೆ.' 'ಏನಂದ್ರು?' ಅವಳ ಬಳಿ ಎರಡು ಉತ್ತರಗಳಿದ್ದವು. 'ಒಪ್ಪಿದ್ರು,' ಎಂದಳು. ಅವರ ಮುಖ ಅರಳುವ ಮುಂಚೆಯೇ, 'ಅವರೂ ನಮ್ಮ ಜೊತೆ ಬರ್ತಾರೆ. ಬೈತಾರೆ, ಹಾಸಿಗೆ ಒದ್ದೆ ಮಾಡ್ತಾರೆ, ಮುಂದೆ ಇನ್ನೂ ಏನೇನೋ. ಬೇರೆ ಎಲ್ಲೂ ವ್ಯವಸ್ಥೆ ಮಾಡೋಕೆ ನನ್ನಿಂದಾಗಲ್ಲ,' ಎಂದಳು. ಅವರು ಇಕ್ಕುಳದಲ್ಲಿ ಹಿಡಿದಿದ್ದ ಅಚ್ಚನ್ನು ಕೆಳಗಿಟ್ಟರು. ಉರಿಯನ್ನು ಸಣ್ಣದು ಮಾಡಿದರು. 'ನಿಮ್ಮ ಹತ್ರ ಸುಳ್ಳು ಹೇಳಲ್ಲ,' ಎಂದರು. 'ಅವರು ಒಳ್ಳೆಯವರು. ನಿನ್ನೆ ನನಗೆ ಬಹಳ ಹಿಡಿಸಿದ್ರು. ಆದರೆ ನಾನು ಅದನ್ನ ಒಂದ್ಸಲ ಮಾಡಿದೀನಿ. ಆ ವಾಸನೆ, ಆ ಬೆಳಗಿನ ಜಾವದ ಕೂಗು. ಇನ್ನೊಂದ್ಸಲ ನನ್ನಿಂದಾಗಲ್ಲ. ಆಗುತ್ತೆ ಅಂತ ಕರ್ಕೊಂಡು ಹೋಗಿ, ಆಮೇಲೆ ಯಾವತ್ತೋ ಕೈಯೆತ್ತಿದ್ರೆ?' ಅವರ ಕಣ್ಣು ಕೆಂಪಾಗಿತ್ತು. ಅವಳಿಗೆ ಸಿಟ್ಟು ಬಂದಿದ್ದರೆ ಸುಲಭವಾಗುತ್ತಿತ್ತು. 'ಸರಿ,' ಎಂದಳು, 'ಹೇಳಿದ್ದು ಒಳ್ಳೇದಾಯ್ತು.' ದಿನವಿಡೀ ಅಕ್ಕಪಕ್ಕದ ಮೇಜುಗಳಲ್ಲಿ ಇಬ್ಬರೂ ಕೆಲಸ ಮಾಡಿದರು. ಅವಳು ಯಾವನೋ ಮುದುಕನ ಕೆಳದವಡೆಯನ್ನು ಕಟ್ಟಿದಳು. ಮಧ್ಯಾಹ್ನ ಅವರು ಒಂದು ಲೋಟ ಚಹಾ ತಂದು ಅವಳ ಕೈಗೆಟುಕುವಂತೆ ಇಟ್ಟು ಹೋದರು. ಅವಳು ಅದನ್ನು ಕುಡಿದಳು.

ಸಂಜೆ ಮನೆಗೆ ಬಂದಾ​ಗ ಅತ್ತೆ ದೀಪ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ತಲೆ ಬಾಚಿಕೊಂಡಿದ್ದರು. ಬೆಳಗಿನ ರಂಪ ಅವರ ಮುಖದಲ್ಲಿ ಎಲ್ಲೂ ಇರಲಿಲ್ಲ; ಗಿಡದ ಸುದ್ದಿಯನ್ನೇ ಎತ್ತಲಿಲ್ಲ. ಅವಳು ಚೀಲ ಇಟ್ಟು, ಬೂಟು ಬಿಚ್ಚಲು ಬಗ್ಗಿದಳು.

'ಕೇಳಿದ್ಯಾ ಅವನನ್ನ?' ಎಂದರು ಅತ್ತೆ.

ಅವಳ ಕೈ ಬೂಟಿನ ದಾರದ ಮೇಲೆಯೇ ನಿಂತಿತು. 'ಯಾರನ್ನ ಅತ್ತೆ?'

'ಅದೇ, ಆ ಹಲ್ಲಿನವನನ್ನ. ನಾನೂ ಬರಬಹುದಾ ಅಂತ. ಏನಂದ?'

ಎಲ್ಲವನ್ನೂ ಬಿಟ್ಟು ಇದೊಂದನ್ನು ಅವರು ಹಿಡಿದಿಟ್ಟುಕೊಂಡಿದ್ದರು. ದಿನವಿಡೀ, ಜಾರಿಹೋಗದ ಹಾಗೆ, ಮನಸ್ಸಿನೊಳಗೇ ಎಷ್ಟು ಸಲ ಹೇಳಿಕೊಂಡಿದ್ದರೋ. ಅವಳು ತಲೆಯೆತ್ತಲಿಲ್ಲ. ದಾರದ ಗಂಟನ್ನು ಬಿಚ್ಚುತ್ತ, ಬಿಚ್ಚಿದ್ದನ್ನೇ ಮತ್ತೆ ಹುಡುಕುತ್ತ, 'ಅಯ್ಯೋ, ಕೇಳೋದೇ ಮರೆತುಹೋಯ್ತು ಅತ್ತೆ,' ಎಂದಳು.

ಅತ್ತೆ ಅವಳನ್ನೇ ನೋಡಿದರು. ಆಮೇಲೆ, ತುಂಬ ದಿನಗಳಿಂದ ಒಬ್ಬರೇ ಕೂತಿದ್ದ ಬೆಂಚಿಗೆ ಜೊತೆ ಸಿಕ್ಕವರಂತೆ, ಮೆಲ್ಲಗೆ ನಕ್ಕರು.

'ನಿಂಗೂ ಶುರುವಾಯ್ತೇನೇ?'